ಶಿರಾ ಗೇಟ್ ಹತ್ತಿರದ ಎಲೆಕ್ಟ್ರಿಷಿಯನ್ ಅಣ್ಣನಿಗೆ

ನಾನೂ ತಮ್ಮನೂ ಮನೆ ಶೆಡ್‌ನಲ್ಲಿ ಒಂದು ಕಿಟ್ ಕಾರ್ (ಬಿಡಿಭಾಗಗಳನ್ನು ತಂದು ನಾವೇ ಜೋಡಿಸುವ ಕಾರು) ಕಟ್ಟುತ್ತಿದ್ದೇವೆ. ರಸ್ತೆಗಲ್ಲ, ಸುಮ್ನೆ ತೋಟದೊಳಗೆ ಓಡಿಸೋಕೆ. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಮಂಕಾಗುತ್ತಿತ್ತು. ಡ್ಯಾಶ್‌ಬೋರ್ಡ್ ಕೆಳಗೆ ವೈರ್‌ಗಳು ಆಲದ ಬಿಳಲಿನ ಹಾಗೆ ಜೋತಾಡುತ್ತಿದ್ದವು. ತುಮಕೂರಿನಲ್ಲಿ ಕೇಳಿದ ಕಡೆಯೆಲ್ಲ "ಕಂಪನಿ ಗಾಡಿ ಅಲ್ವಲ್ಲ, ಆಗಲ್ಲ" ಅಂದರು. ನೀವೊಬ್ಬರೇ ಭಾನುವಾರ ಅಂಗಡಿ ಮುಚ್ಚಿ ಮನೆಗೆ ಬಂದಿರಿ.

ಬಂದವರೇ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿದಿರಿ. ಬಾಡಿಯನ್ನು ಬೆರಳಲ್ಲಿ ತಟ್ಟಿ, "ಇದು ಫೈಬರ್ ಸಾರ್, ಕರೆಂಟ್ ವಾಪಸ್ ಹೋಗೋಕೆ ದಾರಿ ನಾವೇ ಕೊಡಬೇಕು" ಅಂದಿರಿ. ಲೈಟ್‌ಗಳಿಂದ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ದಪ್ಪ ವೈರ್ ಎಳೆದು, ಬೋಲ್ಟ್ ಕೂರುವಷ್ಟು ಜಾಗದ ಪೇಂಟನ್ನು ಮಾತ್ರ ಉಪ್ಪು ಕಾಗದದಲ್ಲಿ ಉಜ್ಜಿದಿರಿ. ಹೆಡ್‌ಲೈಟ್ ಸಮಸ್ಯೆ ಅಲ್ಲೇ ಮುಗಿಯಿತು.

ನೀವು ಅಷ್ಟಕ್ಕೇ ಹೋಗಬಹುದಿತ್ತು, ಹೋಗಲಿಲ್ಲ. ವೈರ್ ಹಾಯುವ ತಗಡಿನ ತೂತಿಗೆ, ಅಂಚು ವೈರ್ ಕೊಯ್ಯದ ಹಾಗೆ, ರಬ್ಬರ್ ಗ್ರೊಮೆಟ್ (ಬಳೆ) ಹಾಕಿದಿರಿ. ಸೈಲೆನ್ಸರ್ ಪೈಪ್ ಪಕ್ಕದ ವೈರ್‌ಗಳನ್ನು ದೂರ ಸರಿಸಿ ಕ್ಲಿಪ್ ಕೊಟ್ಟಿರಿ. ಎಂಜಿನ್‌ಗೆ ಹೋಗುವ ಕಡೆ ಮಾತ್ರ ಸ್ವಲ್ಪ ಸಡಿಲ ಬಿಟ್ಟು, "ಎಂಜಿನ್ ಅಲ್ಲಾಡುತ್ತೆ, ಬಿಗಿಯಾದರೆ ವೈರ್ ಕಿತ್ತುಬರುತ್ತೆ" ಅಂತ ತಮ್ಮನಿಗೆ ತೋರಿಸಿದಿರಿ. ಪ್ರತಿ ಕೇಬಲ್ ಟೈ ಬಾಲವನ್ನೂ ಬುಡಕ್ಕೆ ಕತ್ತರಿಸಿ, ತುದಿ ಚುಚ್ಚುತ್ತಾ ಅಂತ ಹೆಬ್ಬೆರಳಲ್ಲಿ ಸವರಿ ನೋಡಿದಿರಿ. ನಾಳೆ ಅಲ್ಲಿ ಕೈ ಹಾಕೋರು ನಾವು ತಾನೇ!

ಆ ರಾತ್ರಿ ಶಾರ್ಟ್ ಆಗುವ ಭಯವಿಲ್ಲದೆ ಮಲಗಿದೆ. ಸಾಮಾನಿನ ದುಡ್ಡಷ್ಟೇ ತಗೊಂಡಿರಿ. ಕೂಲಿ ಕೊಡೋಕೆ ಬಿಡಲೇ ಇಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ. ವೈಪರ್ ಮೋಟರ್ ಇನ್ನೂ ಬಾಕಿ ಇದೆ, ಈ ಸಲ ಕೂಲಿ ಬೇಡ ಅನ್ನಬೇಡಿ.