ಪುಟ್ಟಿಯ ಕಾರ್ ಸೀಟಿನ ವಿಷಯ

ಗೋಥೆನ್‌ಬರ್ಗ್, ಸ್ವೀಡನ್
12 ನವೆಂಬರ್ 2025

ಅಮ್ಮ, ಅಪ್ಪ, ಇಬ್ಬರಿಗೂ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಪತ್ರ, ಹುಳಿಪುಡಿ, ಚಟ್ನಿಪುಡಿ, ಕಿಟ್ಟನ ಟೋಪಿ ಎಲ್ಲವೂ ಭಾನುವಾರ ಕೈ ಸೇರಿದವು. ಡಬ್ಬಿ ಒಂದಿಷ್ಟೂ ಚೆಲ್ಲಿರಲಿಲ್ಲ.

ಅಮ್ಮ, ನಾಲ್ಕು ಪುಟ ಬರೆದಿದ್ದೀಯ. ಮೂರೂವರೆ ಪುಟ ಬೀದಿಯ ಸುದ್ದಿ, ಶಾರದತ್ತೆಯ ಮನೆ ಗೃಹಪ್ರವೇಶ, ನೀರಿನ ಟ್ಯಾಂಕರ್ ಕಥೆ. ಕೊನೆಯಲ್ಲಿ ಎರಡೇ ಸಾಲು. ಪುಟ್ಟಿಯ ಹಣೆಗೆ ಮೂರು ಹೊಲಿಗೆ ಬಿದ್ದಿದೆ, ಗಾಬರಿ ಬೇಡ. ನಿಮ್ಮಪ್ಪ ಆವತ್ತಿನಿಂದ ಸರಿಯಾಗಿ ಊಟ ಮಾಡ್ತಿಲ್ಲ. ಇದನ್ನು ಓದಿದ ಮೇಲೆ ಮೇಲಿನ ಮೂರೂವರೆ ಪುಟದಲ್ಲಿ ಏನಿತ್ತು ಅಂತ ಮರೆತೇಹೋಯಿತು. ತಕ್ಷಣ ಮಧುಗೆ ಫೋನ್ ಮಾಡಿದೆ. ನೆಲಮಂಗಲದ ಹತ್ತಿರ ಅಡ್ಡ ಬಂದ ಆಟೋ, ಇವನು ಒತ್ತಿದ ಬ್ರೇಕ್, ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲಿದ್ದ ಪುಟ್ಟಿ ಡ್ಯಾಶ್‌ಬೋರ್ಡಿಗೆ ಬಡಿದದ್ದು, ಎಲ್ಲ ಹೇಳಿದ. ಗುದ್ದಿದ್ದೂ ಅಲ್ಲ, ಬರೀ ಬ್ರೇಕ್. ಕಣ್ಣಿಗೆ ಒಂದು ಬೆರಳಿನಷ್ಟು ಮೇಲೆ ಗಾಯ.

ಅಪ್ಪ, ಇಲ್ಲಿಂದ ನಿಮಗೇ ಬರೆಯುತ್ತಿದ್ದೇನೆ. ನೀವು ಕೈ ಬಿಟ್ಟಿರಿ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಂತೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಅಲ್ಲಿ ಯಾರಿದ್ದರೂ ಅದೇ ಆಗುತ್ತಿತ್ತು. ಕುಸ್ತಿ ಪೈಲ್ವಾನ ಇದ್ದರೂ ಅಷ್ಟೇ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದು ಗಕ್ಕನೆ ಯಾವುದಕ್ಕಾದರೂ ಗುದ್ದಿದರೆ, ಮಗು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಆ ಕ್ಷಣಕ್ಕೆ ಹತ್ತು ಕೆಜಿ ಮಗು ತನ್ನ ತೂಕದ ಮೂವತ್ತರಷ್ಟು ಭಾರವಾಗಬಹುದು. ಅಂದರೆ ಮುನ್ನೂರು ಕೆಜಿ. ಆರು ಮೂಟೆ ಸಿಮೆಂಟು. ಅದನ್ನು ಯಾರ ಕೈ ತಡೆಯುತ್ತದೆ ಹೇಳಿ? ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ. ಕಾರಿನಲ್ಲಿ ತೊಡೆ ಎನ್ನುವುದು ಮಗು ಕೂರುವ ಜಾಗ ಅಲ್ಲ, ಅಷ್ಟೇ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಿಟ್ಟ ಹುಟ್ಟುವವರೆಗೆ ನನಗೂ ಗೊತ್ತಿರಲಿಲ್ಲ.

ನೀವು ಲೆಕ್ಕದವರು, ಅದಕ್ಕೇ ಇನ್ನೊಂದು ಲೆಕ್ಕ. 50ರಲ್ಲಿ ಗುದ್ದುವುದು ಹತ್ತು ಮೀಟರ್ ಎತ್ತರದಿಂದ ಬಿದ್ದ ಹಾಗೆ. ನಮ್ಮ ಎದುರುಮನೆಯವರ ಮೂರಂತಸ್ತಿನ ತಾರಸಿ ಅಂದುಕೊಳ್ಳಿ. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟಾಗುತ್ತದೆ. ಕಿಟ್ಟನ ಮುಡಿಗೆ ನಂಜನಗೂಡಿಗೆ ಹೋಗಬೇಕು ಅಂದಿರಲ್ಲ, ಆ ಮೈಸೂರು ಹೈವೇಯಲ್ಲಿ 100ರವರೆಗೆ ಹೋಗಬಹುದು. ಅಂದರೆ ನಲವತ್ತು ಮೀಟರ್. ಆ ತಾರಸಿಯ ಮೇಲೆ ಪುಟ್ಟಿ ಗೋಡೆ ಹತ್ತಿರ ಹೋದರೆ ನಿಮ್ಮ ಜೀವ ಬಾಯಿಗೆ ಬರುತ್ತದೆ, ಅಲ್ವಾ? ನನಗೆ ಆ ಕಾರಿನಲ್ಲಿ ಹಾಗೇ ಆಗುತ್ತದೆ.

ಮೂರು ಮಕ್ಕಳನ್ನು ಸ್ಕೂಟರ್ ಮೇಲೆ ಸಾಕಿದ್ದೇವೆ, ಏನಾಯಿತು ಅಂತ ಅಮ್ಮ ಕೇಳಿದ್ದಾಳೆ. ನಿಮ್ಮ ಕಾಲಿನ ಮಧ್ಯೆ ನಿಂತು, ಹ್ಯಾಂಡಲ್ ಹಿಡಿದು ಲಾಲ್‌ಬಾಗಿಗೆ ಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಗಾಳಿ ಇನ್ನೂ ಮುಖಕ್ಕೆ ಹೊಡೆದ ಹಾಗಿದೆ. ಆದರೆ ಆಗ ಊರಿನ ವೇಗವೇ ಬೇರೆ. ಈಗ ಸ್ಕೂಟರಿಗೂ ನಿಯಮ ಬಂದಿದೆ. 2023ರಿಂದ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ ಬೇಕು, ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಪಟ್ಟಿ ಬೇಕು, ವೇಗ 40 ದಾಟಬಾರದು. ಮಧು ಪುಟ್ಟಿಯನ್ನು ಪ್ಲೇಹೋಮಿಗೆ ಹೇಗೆ ಕರೆದುಕೊಂಡು ಹೋಗುತ್ತಾನೆ ಅಂತ ನೋಡಿ. ಕಾರಿಗೆ ಅದಕ್ಕಿಂತ ಮೊದಲೇ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 194ಬಿ ಅಂತ ಒಂದು ಕಲಂ ಸೇರಿಸಿದ್ದಾರೆ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿಲ್ಲದೆ, ಮಕ್ಕಳ ಸೀಟಿಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡ. ನೀವು ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವರು, ಕಾನೂನು ಎಂದರೆ ಮರುಮಾತಾಡುವುದಿಲ್ಲ ಅಂತ ಗೊತ್ತು.

ಅಮ್ಮ, ಈಗ ನಿನ್ನ ದೂರು. ವಿಡಿಯೋದಲ್ಲಿ ನೋಡಿದೆ, ಕಾರಿನ ಮಕ್ಕಳ ಸೀಟಿನಲ್ಲಿ ಕಿಟ್ಟನನ್ನು ಹಿಂದುಮುಂದಾಗಿ ಕಟ್ಟಿ ಹಾಕಿದ್ದೀರಿ, ಅವನಿಗೆ ರಸ್ತೆಯೂ ಕಾಣಲ್ಲ, ಕಾಲೂ ಮಡಚಿಕೊಂಡಿದೆ, ಅಜ್ಜಿ ಮಡಿಲು ಸಾಲದೇ ಅಂತ ಬರೆದಿದ್ದೀಯ. ನಿನಗೆ ನೋವಾಗಿದೆ ಅಂತ ಗೊತ್ತಾಯಿತು.

ನೆನಪಿದೆಯಾ, ಅವನಿಗೆ ಇಪ್ಪತ್ತು ದಿನ ಆಗಿತ್ತು, ನೀನು ಇಲ್ಲೇ ಇದ್ದೆ. ನಾನು ಸುಮ್ನೆ ಎತ್ತಿಕೊಂಡೆ. ಕತ್ತು ನಿಂತಿಲ್ಲ ಕಣೆ, ತಲೆಗೆ ಕೈ ಕೊಡು ಅಂತ ಬೈದೆ. ನೀರು ಹಾಕುವಾಗ, ಎಣ್ಣೆ ಹಚ್ಚುವಾಗ, ಯಾವಾಗಲೂ ನಿನ್ನ ಒಂದು ಅಂಗೈ ಅವನ ತಲೆಯ ಹಿಂದೆ ಇರುತ್ತಿತ್ತು. ಈ ಹಿಂದುಮುಂದಿನ ಸೀಟು ಮಾಡುವುದು ಅದೇ ಕೆಲಸ. ಚಿಕ್ಕ ಮಗುವಿನ ತಲೆಯೇ ಮೈಯ ಕಾಲುಭಾಗ ಉದ್ದ. ಕುತ್ತಿಗೆಯ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ, ಗುದ್ದಿದಾಗ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ, ಇಡೀ ಎಳೆತ ಕುತ್ತಿಗೆಯ ಮೇಲೆ. ಹಿಂದಕ್ಕೆ ಮುಖ ಇದ್ದರೆ ಬೆನ್ನು, ಕುತ್ತಿಗೆ, ತಲೆ ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗುತ್ತವೆ. ನಿನ್ನ ಅಂಗೈಗೆ ಒರಗಿದ ಹಾಗೆ. ಎದ್ದು ಓಡಾಡುವ ಮಗುವಿನ ಕತ್ತು ನಿಂತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಎತ್ತಿಕೊಳ್ಳುವುದಕ್ಕೆ ನಿಂತಿದೆ, ಕಾರು ಗುದ್ದುವುದಕ್ಕೆ ನಿಂತಿಲ್ಲ. ಈ ದೇಶದಲ್ಲಿ ನಾಲ್ಕು ವರ್ಷದವರೆಗಾದರೂ ಹಾಗೇ ಕೂರಿಸಿ ಅಂತ ಹೇಳುತ್ತಾರೆ. ಕಾಲಿನ ಯೋಚನೆ ಬಿಡು. ಚಕ್ಕಳಮಕ್ಕಳ ಹಾಕಿಕೊಂಡು ಕೂರುತ್ತಾನೆ, ಊಟಕ್ಕೆ ಕೂತ ಹಾಗೆ.

ಈ ಸೀಟು ಹುಟ್ಟಿದ ಕಥೆ ಅಪ್ಪನಿಗೆ ಇಷ್ಟವಾಗುತ್ತದೆ. ಬರ್ಟಿಲ್ ಆಲ್ಡ್‌ಮನ್ ಅಂತ ಸ್ವೀಡನ್ನಿನ ಸಂಶೋಧಕರು. ರಾಕೆಟ್ಟಿನಲ್ಲಿ ಹೋಗುವವರು ಆ ಒತ್ತಡವನ್ನೆಲ್ಲ ಬೆನ್ನಿನ ಮೇಲೆ ತೆಗೆದುಕೊಳ್ಳುವ ಹಾಗೆ ಮಲಗಿರುತ್ತಾರಲ್ಲ, ಅದನ್ನು ನೋಡಿ ಅವರಿಗೆ ಹೊಳೆಯಿತಂತೆ, ಮಕ್ಕಳಿಗೂ ಹೀಗೇ ಮಾಡಬಹುದು ಅಂತ. 1964ರಲ್ಲಿ ಮೊದಲ ಸೀಟು ಮಾಡಿ ಪರೀಕ್ಷೆ ಮಾಡಿದರು. ಮುಂದೆ ನಮ್ಮ ಈ ಊರಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರ್ ಆದರು. ನೀವು ಮೆಜೆಸ್ಟಿಕ್‌ನಲ್ಲಿ ಹತ್ತುವ ವೋಲ್ವೊ ಬಸ್ಸಿನ ಊರು ಇದು. ಈಗ ನಾವೆಲ್ಲ ಹಾಕುವ, ಭುಜದಿಂದ ಸೊಂಟಕ್ಕೆ ಬರುವ ಸೀಟ್ ಬೆಲ್ಟೂ 1959ರಲ್ಲಿ ಇಲ್ಲೇ ಆದದ್ದು. ಇಲ್ಲಿನ ಜನ ವಿಚಿತ್ರ ಅಂತ ನೀನು ಹೇಳುತ್ತೀಯ. ಹೌದು, ಚಳಿಯಲ್ಲಿ ಮಕ್ಕಳನ್ನು ತಳ್ಳುಗಾಡಿಯಲ್ಲಿ ಹಾಕಿ ಹೊರಗೆ ಮಲಗಿಸುತ್ತಾರೆ. ಅದು ನನಗೂ ಮೊದಲು ಎದೆ ಒಡೆದ ಹಾಗಾಗಿತ್ತು, ಈಗ ಕಿಟ್ಟ ಹೊರಗೇ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಆದರೆ ಮಗುವನ್ನು ಕಾರಿನಲ್ಲಿ ತೊಡೆ ಮೇಲೆ ಕೂರಿಸಿಕೊಂಡವರನ್ನು ನಾನು ಇಲ್ಲಿ ಒಂದು ದಿನವೂ ನೋಡಿಲ್ಲ.

ಈಗ ಪುಟ್ಟಿಯ ಸೀಟು. ಅದರ ಹಣ ನಾನು ಮಧುಗೆ ಕಳಿಸಿದ್ದೇನೆ. ಬೇಡ ಅನ್ನಬೇಡಿ, ಅತ್ತೆ ಕೊಡಿಸಿದ್ದು ಅಂತ ಅವಳಿಗೆ ಹೇಳಿ. ಪಕ್ಕದ ಮನೆಯವರು ಹಳೆಯದನ್ನು ಸುಮ್ನೆ ಕೊಡುತ್ತಾರೆ ಅಂತ ಬರೆದಿದ್ದೀಯ. ಅವರದು ಒಳ್ಳೆಯ ಮನಸ್ಸು, ಆದರೆ ತೆಗೆದುಕೊಳ್ಳಬೇಡ. ಒಮ್ಮೆ ಅಪಘಾತ ಕಂಡ ಸೀಟು ಹೊರಗೆ ಚೆನ್ನಾಗೇ ಕಾಣುತ್ತದೆ, ಒಳಗೆ ಬಿರುಕು ಬಿಟ್ಟಿರಬಹುದು. ಬಿಸಿಲಿಗೆ ಪ್ಲಾಸ್ಟಿಕ್ಕೂ ಸೋಲುತ್ತದೆ. ಅವರದು ಎಷ್ಟು ವರ್ಷದ್ದು, ಎಲ್ಲೆಲ್ಲಿ ಬಿದ್ದಿದೆ ಅಂತ ಅವರಿಗೇ ಗೊತ್ತಿಲ್ಲವಂತೆ. ಆನ್‌ಲೈನಿನಲ್ಲಿ ದಿಂಬಿಗೆ ಪಟ್ಟಿ ಹೊಲಿದ ಹಾಗಿರುವ ಬಟ್ಟೆಯ ಸೀಟುಗಳೂ ಬರುತ್ತವೆ, ಅಗ್ಗ ಅಂತ ಮಧು ಅದಕ್ಕೆ ಹೋಗಬಾರದು. ಬಣ್ಣ, ಮೆತ್ತೆ, ಕಪ್ ಇಡುವ ಜಾಗ ಏನೂ ಮುಖ್ಯ ಅಲ್ಲ. ಸೀಟಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಇರುವ ಚೀಟಿ ಅಂಟಿಸಿರಬೇಕು, ಅದರಲ್ಲಿ ಆರ್ 129 ಅಂತ ಇದ್ದರೆ ಒಳ್ಳೆಯದು. ಅದು ಹೊಸ ನಿಯಮದ ಪರೀಕ್ಷೆ ಪಾಸಾದದ್ದು. ಎಷ್ಟು ಎತ್ತರದವರೆಗೆ, ಎಷ್ಟು ತೂಕದವರೆಗೆ ಹಿಂದಕ್ಕೆ ಮುಖ ಮಾಡಿ ಕೂರಿಸಬಹುದು ಅಂತ ಅದರ ಪುಸ್ತಕದಲ್ಲಿ ಇರುತ್ತದೆ. ಪುಟ್ಟಿ ಈಗ ಹನ್ನೊಂದೂವರೆ ಕೆಜಿ. ಇನ್ನೂ ಎರಡು ವರ್ಷ ಹಾಗೇ ಕೂರಬಹುದಾದದ್ದನ್ನೇ ತೆಗೆದುಕೊಳ್ಳಲಿ. ದುಡ್ಡು ಕೊಡುವ ಮೊದಲು ಕಾರಿನಲ್ಲಿ ಇಟ್ಟು ನೋಡಲಿ. ಎಷ್ಟೇ ಒಳ್ಳೆಯ ಸೀಟಾದರೂ ಆ ಕಾರಿಗೆ ಸರಿಯಾಗಿ ಕೂರದಿದ್ದರೆ ಪ್ರಯೋಜನ ಇಲ್ಲ.

ಮಧುವಿನ ಕಾರಿನ ಹಿಂದಿನ ಸೀಟಿನಲ್ಲಿ, ಒರಗು ಮತ್ತು ಕೂರುವ ಮೆತ್ತೆಯ ಸಂದಿಯಲ್ಲಿ ಬೆರಳು ಹಾಕಿದರೆ ಎರಡು ಕಬ್ಬಿಣದ ಕೊಂಡಿ ಸಿಗುತ್ತವೆ. ಅದಕ್ಕೆ ಐಸೋಫಿಕ್ಸ್ ಅನ್ನುತ್ತಾರೆ. ಸೀಟಿನ ಕೊಕ್ಕೆಗಳನ್ನು ಅದಕ್ಕೆ ಟಕ್ ಅನ್ನುವವರೆಗೆ ತಳ್ಳಬೇಕು, ಕೆಂಪು ಗುರುತು ಹಸಿರಾಗಬೇಕು. ಎರಡೂ ಕಡೆ. ಸೀಟಿಗೆ ಕೆಳಗೆ ಊರುವ ಕಾಲಿದ್ದರೆ ಅದು ಕಾರಿನ ನೆಲ ಮುಟ್ಟಿರಬೇಕು. ಆಮೇಲೆ ಸೀಟಿನ ಬುಡವನ್ನು ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರದು. ಎಡಗಡೆ ಹಾಕಿ, ಫುಟ್‌ಪಾತಿನ ಕಡೆಯಿಂದ ಮಗುವನ್ನು ಹತ್ತಿಸಿ ಇಳಿಸಬಹುದು. ಇಲ್ಲಿ ನಾವು ಬಲಗಡೆ ಹಾಕುತ್ತೇವೆ, ರಸ್ತೆ ಉಲ್ಟಾ ಅಲ್ವಾ. ಮುಂದಿನ ಸೀಟಿನಲ್ಲಿ ಮಾತ್ರ ಬೇಡವೇ ಬೇಡ. ಹಿಂದಕ್ಕೆ ಮುಖ ಮಾಡಿದ ಸೀಟಿನ ಎದುರು ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದೇ ಮಗುವಿನ ತಲೆಗೆ ಹೊಡೆಯುತ್ತದೆ. ಇದೊಂದನ್ನು ಯಾರೂ ಮರೆಯಬಾರದು.

ಪಟ್ಟಿ ಕಟ್ಟುವುದು ನಿನ್ನ ಕೆಲಸ ಅಮ್ಮ, ಸ್ಮಿತಾ ಅವಸರ ಮಾಡುತ್ತಾಳೆ. ಪಟ್ಟಿ ತಿರುಚಿರಬಾರದು. ಹಿಂದಕ್ಕೆ ಮುಖ ಇರುವಾಗ ಅದು ಭುಜದ ಮಟ್ಟದಿಂದ, ಇಲ್ಲವೇ ಒಂಚೂರು ಕೆಳಗಿನಿಂದ ಬರಬೇಕು. ಎಳೆದು ಬಿಗಿ ಮಾಡಿದ ಮೇಲೆ ಅವಳ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟು. ಚಿವುಟಲು ಸಿಕ್ಕಿದರೆ ಸಡಿಲ ಅಂತ ಅರ್ಥ. ಜಾರಿದರೆ ಸರಿ. ಮಗುವಿಗೆ ಬಿಗಿಯಾಯಿತೇನೋ ಅಂತ ನಿನ್ನ ಕರುಳು ಚುರುಕ್ ಅನ್ನುತ್ತದೆ, ನನಗೂ ಅನ್ನುತ್ತಿತ್ತು. ಸಡಿಲ ಮಾಡಬೇಡ. ಇಲ್ಲಿ ಚಳಿಗಾಲದ ದಪ್ಪ ಕೋಟನ್ನು ಬಿಚ್ಚಿಯೇ ಕೂರಿಸುತ್ತೇವೆ, ಮೇಲೆ ಹೊದಿಕೆ ಹೊದಿಸುತ್ತೇವೆ. ಕೋಟಿನ ಮೇಲೆ ಬಿಗಿಯಾಗಿ ಕಂಡ ಪಟ್ಟಿ ನಿಜವಾಗಿ ಮೈಗೆ ಸಡಿಲ ಇರುತ್ತದೆ. ನಮ್ಮಲ್ಲಿ ಕೋಟಿಲ್ಲ, ಆದರೆ ನೀನು ಹೊಲಿಸಿರುವ ರೇಷ್ಮೆ ಲಂಗ ಇದೆಯಲ್ಲ. ಆ ಜರಿಯ ನೆರಿಗೆಯೆಲ್ಲ ಕಾಲಿನ ಮಧ್ಯದ ಪಟ್ಟಿಗೆ ಸಿಕ್ಕಿಕೊಂಡು ಉಬ್ಬುತ್ತದೆ. ಪುಟ್ಟಿಗೆ ಕಾರಿನಲ್ಲಿ ಹತ್ತಿಯ ಫ್ರಾಕ್ ಸಾಕು. ಲಂಗ ನಂಜನಗೂಡಿನಲ್ಲಿ ಇಳಿದ ಮೇಲೆ ಹಾಕೋಣ.

ಅವಳು ಅತ್ತರೆ ಮಧು ಕಾರು ನಿಲ್ಲಿಸಲಿ. ಓಡುವ ಕಾರಿನಲ್ಲಿ ಬಿಚ್ಚಿ ಎತ್ತಿಕೊಳ್ಳಬೇಡ. ಮೊದಲ ವಾರ ಕಿಟ್ಟನೂ ಅತ್ತ, ಆಮೇಲೆ ಕಾರು ಎಂದರೆ ಸೀಟು ಅಂತ ಒಪ್ಪಿಕೊಂಡ. ನಾವು ಬರುವ ಹೊತ್ತಿಗೆ ಇನ್ನೂ ಐದು ವಾರ ಇದೆ. ಈಗಿನಿಂದಲೇ ಗಾಂಧಿಬಜಾರಿಗೆ ಹೋಗುವಾಗಲೂ ಅದರಲ್ಲೇ ಕೂರಿಸಿ. ಹತ್ತಿರ ತಾನೆ ಅಂತ ಬಿಡಬೇಡಿ. ಎರಡು ಗಂಟೆಗಿಂತ ಜಾಸ್ತಿ ಒಂದೇ ಸಮ ಕೂರಿಸುವುದೂ ಬೇಡ. ಮೈಸೂರು ದಾರಿಯಲ್ಲಿ ಮದ್ದೂರಿಗೆ ಇಳಿದು ವಡೆ ತಿನ್ನೋಣ, ಮಕ್ಕಳು ಸ್ವಲ್ಪ ಓಡಾಡಲಿ. ನೀನೂ ಹಿಂದೆ ಬೆಲ್ಟ್ ಹಾಕು ಅಮ್ಮ. ಸೀರೆ ಮುದುರಿದರೆ ಮುದುರಲಿ.

ಕಿಟ್ಟನ ಸೀಟನ್ನು ನಾವೇ ತರುತ್ತೇವೆ. ಇವರು ಮೂಲ ಪೆಟ್ಟಿಗೆ ಇಟ್ಟುಕೊಂಡಿದ್ದಾರೆ, ಅದರಲ್ಲೇ ಪ್ಯಾಕ್ ಮಾಡುತ್ತೇವೆ. ದೇವನಹಳ್ಳಿಯಲ್ಲಿ ಇಳಿದ ಕೂಡಲೇ ಬಿರುಕು ಇದೆಯಾ ನೋಡಿ, ಆಮೇಲೆ ಮಧುವಿನ ಕಾರಿಗೆ ಹಾಕುತ್ತೇವೆ. ಅಪ್ಪ, ಇಲ್ಲಿಯ ಸೀಟು ದೊಡ್ಡದು. ಅದರ ಮುಂದಿನ ಸೀಟನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕು, ನಿಮ್ಮ ಮಂಡಿಗೆ ಕಷ್ಟವಾಗಬಹುದು. ನೀವೊಂದು ಉಪಕಾರ ಮಾಡಬೇಕು. ಟೇಪು ಹಿಡಿದು ಮಧುವಿನ ಕಾರಿನ ಹಿಂದಿನ ಸೀಟಿನ ಅಗಲ ಅಳೆಯಿರಿ. ಮುಂದಿನ ಸೀಟಿನ ಬೆನ್ನಿನಿಂದ ಹಿಂದಿನ ಒರಗಿನವರೆಗೆ ಎಷ್ಟಿದೆ, ಅದನ್ನೂ. ಎರಡು ಸೀಟು ಹಾಕಿ ಮಧ್ಯೆ ಅಮ್ಮ ಕೂರಬಹುದಾ, ಇಲ್ಲ ನಂಜನಗೂಡಿಗೆ ಎರಡು ಕಾರು ಬೇಕಾ ಅಂತ ಅದರ ಮೇಲೆ ಗೊತ್ತಾಗುತ್ತದೆ. ನಿಮ್ಮ ಅಳತೆಯನ್ನೇ ನಂಬುತ್ತೇನೆ, ಮಧು ಕಣ್ಣಂದಾಜು ಹೇಳುತ್ತಾನೆ.

ನಮ್ಮ ಬಗ್ಗೆ ಏನೂ ಯೋಚನೆ ಬೇಡ. ಚಳಿ ಅಂಥದ್ದೇನಿಲ್ಲ. ನಾಲ್ಕು ಗಂಟೆಗೆ ಕತ್ತಲಾಗುತ್ತದೆ, ಅಷ್ಟೇ, ಅಭ್ಯಾಸವಾಗಿದೆ. ಕಿಟ್ಟ ಅನ್ನ ಸಾರು ಚೆನ್ನಾಗಿ ತಿನ್ನುತ್ತಾನೆ. ಕೆಮ್ಮು ಪೂರ್ತಿ ಹೋಯಿತು. ಇವರ ಕೆಲಸ ಚೆನ್ನಾಗಿದೆ. ನನ್ನ ಸೊಂಟ ನೋವೂ ಇಲ್ಲ. ಖರ್ಚೂ ಜಾಸ್ತಿ ಇಲ್ಲ, ನಿಜವಾಗಲೂ. ಪುಟ್ಟಿಯ ಗಾಯದ ಗುರುತು ಬೆಳೆಯುತ್ತಾ ಮಾಸುತ್ತದೆ, ಅತ್ತುಕೊಳ್ಳಬೇಡ.

ಕಿಟ್ಟ ಎದ್ದ. ನಾಳೆ ಬೆಂಗಳೂರಿಗೆ ಹೊರಟಿರುವ ಗೆಳತಿ ಪತ್ರ ತೆಗೆದುಕೊಳ್ಳಲು ಬಾಗಿಲಿಗೆ ಬಂದಿದ್ದಾಳೆ. ಟೇಪು ಅಡುಗೆಮನೆಯ ಕಪಾಟಿನ ಮೇಲೆ, ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಅಪ್ಪ, ಊಟ ಮಾಡಿ ಆಮೇಲೆ ಅಳೆಯಿರಿ.

ನಿಮ್ಮ ಮಗಳು,
ವಾಣಿ