ತಲುಪದ ಮಕ್ಕಳ ಬಗ್ಗೆ ನೀನು ಬರೆದದ್ದಕ್ಕೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ವಿಷಯಗಳಿಗೆ ದೊಡ್ಡಮ್ಮ ಬೇರೆಯಾಗಿ ಉತ್ತರ ಬರೆಯುತ್ತಾಳೆ. ನಾನು ಬರೆಯುತ್ತಿರುವುದು ಅದರ ಒಂದೇ ವಾಕ್ಯದ ಬಗ್ಗೆ. ಕಲಿಕಾಫಲವನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಮ್ಮುಖವಾಗಿ ಭಾಷಾಪಾಠವನ್ನು ಯೋಜಿಸುವ ಕ್ರಮವನ್ನು ಈ ವರ್ಷ ಆರಂಭಿಸಿರುವುದಾಗಿ ತಿಳಿಸಿ, ಅದರ ಕೆಳಗೆ, “ಕೊನೆಯನ್ನು ಮೊದಲೇ ಬರೆದಿಟ್ಟರೆ, ಅಲ್ಲಿಗೆ ತಲುಪದ ಮಕ್ಕಳು ನನ್ನ ಕಣ್ಣಿಗೆ ಸೋತವರಂತೆ ಕಾಣತೊಡಗುತ್ತಾರೇನೋ ಎಂದು ಭಯವಾಗುತ್ತದೆ, ದೊಡ್ಡಪ್ಪ” ಎಂದಿದ್ದೀಯೆ. ಅದನ್ನು ಓದಿದ ಮೇಲೆ ನನಗೆ ಸಮಾಧಾನವಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಭಯ ಹುಟ್ಟುವುದಕ್ಕೆ ಅವಕಾಶವೇ ಇರಲಿಲ್ಲ. ಪಠ್ಯಪುಸ್ತಕದ ಮೊದಲ ಪಾಠದಿಂದ ಹೊರಟು ವರ್ಷದ ಕೊನೆಯೊಳಗೆ ಕಡೆಯ ಪಾಠವನ್ನು ಮುಗಿಸುವುದೇ ಯೋಜನೆ ಎನಿಸಿಕೊಳ್ಳುತ್ತಿತ್ತು. ಮೇಲಿನವರು ಬಂದಾಗ ಕೇಳುತ್ತಿದ್ದುದು ಪಾಠ ಎಷ್ಟಾಯಿತು ಎಂಬ ಪ್ರಶ್ನೆಯನ್ನು, ನಾವು ಹೇಳುತ್ತಿದ್ದುದೂ ಅದಕ್ಕೆ ಉತ್ತರವನ್ನು. ನನ್ನ ಹಳೆಯ ಪಾಠಯೋಜನೆಯ ಪುಸ್ತಕಗಳನ್ನು ನಿನ್ನ ಪತ್ರ ಬಂದ ಮೇಲೆ ತೆಗೆದು ನೋಡಿದೆ. ದಿನಾಂಕ, ಪಾಠದ ಹೆಸರು, ಪುಟಸಂಖ್ಯೆ, ಬೋಧನೋಪಕರಣ, ಮನೆಗೆಲಸ ಎಲ್ಲವೂ ಅಚ್ಚುಕಟ್ಟಾಗಿವೆ. ಆದರೆ ಆ ಪಾಠ ಮುಗಿದ ಮೇಲೆ ಯಾವ ಮಗು ಆ ಭಾಷೆಯಲ್ಲಿ ಏನನ್ನು ಹೇಳಬಲ್ಲದ್ದಾಯಿತು, ಏನನ್ನು ಕೇಳಿ ತಿಳಿಯಬಲ್ಲದ್ದಾಯಿತು ಎಂಬುದು ಒಂದು ಪುಟದಲ್ಲೂ ಇಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನರ ಅಂಕಗಳು ಇಂದಿಗೂ ನೆನಪಿವೆ, ಅವರು ಮಾತನಾಡುತ್ತಿದ್ದ ರೀತಿ ನೆನಪಿಲ್ಲ. ಈ ವಯಸ್ಸಿನಲ್ಲಿ ಅದು ನನ್ನನ್ನು ನೋಯಿಸುತ್ತದೆ.

ಆದ್ದರಿಂದ ಮೊದಲು ಇಷ್ಟನ್ನು ತಿಳಿ. ತಲುಪದ ಮಕ್ಕಳು ನನ್ನ ತರಗತಿಯಲ್ಲಿಯೂ ಇದ್ದರು, ನಿನ್ನ ತರಗತಿಯಲ್ಲಿ ಇರುವಷ್ಟೇ ಇದ್ದರು. ತಲುಪಬೇಕಾದ ಜಾಗವನ್ನು ನಾವು ಬರೆದಿಟ್ಟಿರಲಿಲ್ಲವಾದ್ದರಿಂದ ಅವರು ಎಲ್ಲಿ ನಿಂತರೆಂಬುದು ಯಾರಿಗೂ ತಿಳಿಯಲಿಲ್ಲ. ನೀನು ಬರೆದಿಡುತ್ತಿರುವುದರಿಂದ ನಿನಗೆ ತಿಳಿಯುತ್ತದೆ, ಅದೂ ವರ್ಷ ಮುಗಿಯುವುದಕ್ಕೆ ಮೊದಲೇ ತಿಳಿಯುತ್ತದೆ. ನಿನ್ನ ಭಯಕ್ಕೆ ಇದು ಪೂರ್ತಿ ಉತ್ತರವಲ್ಲ ಎಂಬುದನ್ನು ಬಲ್ಲೆ. ಕಾಣುವುದು ಒಂದು, ಕಂಡದ್ದನ್ನು ಸೋಲೆಂದು ಕರೆಯುವುದು ಇನ್ನೊಂದು. ನಿನ್ನನ್ನು ಕಾಡುತ್ತಿರುವುದು ಆ ಎರಡನೆಯದು.

ಅದರ ಬಗ್ಗೆ ಯೋಚಿಸುತ್ತಿದ್ದಾಗ ಈ ಕ್ರಮ ಬೆಳೆದು ಬಂದ ದಾರಿ ನೆನಪಾಯಿತು. 1949ರಲ್ಲಿ ಅಮೆರಿಕದ ರಾಲ್ಫ್ ಟೈಲರ್ ಅವರು ಪಠ್ಯಕ್ರಮ ರಚಿಸುವವರ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟರು: ಏನನ್ನು ಸಾಧಿಸಬೇಕು, ಅದಕ್ಕೆ ಯಾವ ಅನುಭವಗಳನ್ನು ಒದಗಿಸಬೇಕು, ಅವುಗಳನ್ನು ಹೇಗೆ ಜೋಡಿಸಬೇಕು, ಸಾಧಿಸಿದೆವೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯಬೇಕು. 1998ರಲ್ಲಿ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಅವರು ಹಿಮ್ಮುಖ ಯೋಜನೆಯನ್ನು ಮೂರು ಹಂತಗಳಲ್ಲಿ ವಿವರಿಸಿದಾಗ, ಟೈಲರ್ ಅವರಲ್ಲಿ ಕೊನೆಗಿದ್ದ ಪ್ರಶ್ನೆ ಎರಡನೆಯ ಸ್ಥಾನಕ್ಕೆ ಬಂದಿತ್ತು. ಅಂದರೆ ಫಲವನ್ನು ಬರೆದ ಕೂಡಲೇ, ಇನ್ನೂ ಒಂದು ಚಟುವಟಿಕೆಯನ್ನೂ ಆರಿಸದಿರುವಾಗಲೇ, ಯಾವುದನ್ನು ಕಂಡರೆ ಕಲಿತಿದ್ದಾರೆ ಎನ್ನುತ್ತೇನೆ ಎಂದು ಶಿಕ್ಷಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ನಿನ್ನ ಭಯಕ್ಕೆ ಮದ್ದು ಸಿಗುವುದಿದ್ದರೆ ಈ ಎರಡನೆಯ ಪ್ರಶ್ನೆಯಲ್ಲೇ ಸಿಗಬೇಕೆಂದು ನನಗೆ ತೋರುತ್ತದೆ. ಅದಕ್ಕೆ ನೀನು ಒಂದೇ ಉತ್ತರ ಬರೆದರೆ ಮಕ್ಕಳು ತಲುಪಿದವರು, ತಲುಪದವರು ಎಂದು ಎರಡಾಗಿ ಒಡೆಯುತ್ತಾರೆ. ಹಲವು ಉತ್ತರಗಳನ್ನು ಬರೆದರೆ ಹಾಗಾಗುವುದಿಲ್ಲ.

ನೀನು ಕಳುಹಿಸಿದ ಯೋಜನೆಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ, ಬೇಸರಿಸಬೇಡ. “ವಿದ್ಯಾರ್ಥಿಗಳು ಭೂತಕಾಲವನ್ನು ಕಲಿಯುವರು” ಎಂದು ಬರೆದಿದ್ದೀಯೆ. ಇದು ವ್ಯಾಕರಣದ ಅಧ್ಯಾಯದ ಹೆಸರಾಯಿತೇ ಹೊರತು ಕಲಿಕಾಫಲವಾಗಲಿಲ್ಲ. “ತಾನು ಕಂಡ ಒಂದು ಘಟನೆಯನ್ನು, ಅದನ್ನು ಕಾಣದ ಒಬ್ಬರಿಗೆ ಕ್ರಮವಾಗಿ ಹೇಳಬಲ್ಲರು” ಎಂದು ಬರೆದರೆ ಯಾರು, ಯಾರಿಗೆ, ಏನು ಮಾಡುತ್ತಾರೆ ಎಂಬುದು ತಿಳಿಯುತ್ತದೆ. ಹಾಗೆ ಬರೆದ ಮೇಲೆ ಪರೀಕ್ಷೆಯೂ ಬದಲಾಗಬೇಕು: ವರ್ತಮಾನದ ವಾಕ್ಯಗಳನ್ನು ಭೂತಕ್ಕೆ ತಿರುಗಿಸಿ ಬರೆಯಿರಿ ಎಂದರೆ ಸಾಲದು, ಘಟನೆ ಗೊತ್ತಿಲ್ಲದ ಒಬ್ಬ ಕೇಳುಗ ನಿಜವಾಗಿಯೂ ಎದುರಿಗಿರಬೇಕು. ಆಗ ಕ್ರಿಯಾಪದದ ರೂಪಗಳು ಮಾತ್ರವಲ್ಲದೆ, ಮೊದಲು, ಆಮೇಲೆ, ಅಷ್ಟರಲ್ಲಿ ಎಂಬಂಥ ಮಾತುಗಳೂ, ಪದ ಸಿಗದಾಗ ಬಳಸಿಕೊಂಡು ಹೇಳುವ ಬಗೆಯೂ, ಕೇಳುಗನಿಗೆ ಅರ್ಥವಾಗಲಿಲ್ಲವೆಂದು ಕಂಡಾಗ ಮತ್ತೊಮ್ಮೆ ಹೇಳುವ ತಾಳ್ಮೆಯೂ ಬೇಕೆಂದು ನಿನಗೇ ಹೊಳೆಯುತ್ತದೆ. ನಿನ್ನ ಚಟುವಟಿಕೆಗಳು ಅವುಗಳಿಂದಲೇ ಹುಟ್ಟುತ್ತವೆ.

ಈಗ ಆ ತಲುಪದ ಮಗುವಿನ ಕಡೆಗೆ ಮತ್ತೆ ಬರುತ್ತೇನೆ, ಏಕೆಂದರೆ ಮನಸ್ಸು ಅಲ್ಲಿಗೇ ಹೋಗುತ್ತಿದೆ. ಒಬ್ಬಳು ಆ ಘಟನೆಯನ್ನು ಸರಾಗವಾಗಿ ಹೇಳುತ್ತಾಳೆ. ಇನ್ನೊಬ್ಬ ಬಿಡಿಬಿಡಿ ಪದಗಳಲ್ಲಿ, ಕೈಸನ್ನೆ ಸೇರಿಸಿ, ಕೇಳುಗ ನಡುನಡುವೆ ಪ್ರಶ್ನೆ ಕೇಳಿದಾಗ ಮಾತ್ರ ಮುಂದುವರಿಯುತ್ತಾನೆ. ಅವನನ್ನು ಏನೆಂದು ಬರೆಯುತ್ತೀ? ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾಮಟ್ಟಗಳ ಚೌಕಟ್ಟಿನಲ್ಲಿ ಎ1ರಿಂದ ಸಿ2ವರೆಗೆ ಆರು ಮಟ್ಟಗಳಿವೆ. ಅತ್ಯಂತ ಕೆಳಗಿನ ಎ1 ಮಟ್ಟದ ವಿವರಣೆ ಕೂಡ, ಎದುರಿನವರು ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡಿ ನೆರವಾಗಲು ಸಿದ್ಧರಿದ್ದರೆ ಸರಳವಾಗಿ ಸಂಭಾಷಿಸಬಲ್ಲರು ಎಂದೇ ಇದೆ. ಎದುರಿನವರ ನೆರವು ಅಲ್ಲಿ ಕಲಿಯುವವರ ಕೊರತೆಯಾಗಿ ಬಂದಿಲ್ಲ, ಸಾಮರ್ಥ್ಯದ ವಿವರಣೆಯೊಳಗೇ ಸೇರಿದೆ. 2020ರಲ್ಲಿ ಬಂದ ಪೂರಕ ಸಂಪುಟದಲ್ಲಿ ಎ1ಕ್ಕಿಂತ ಮೊದಲಿನ ಒಂದು ಮಟ್ಟವೂ ಸೇರಿತು, ಅದರಲ್ಲೂ ಮಾತುಗಳು “ಬಲ್ಲರು” ಎಂದೇ ಮುಗಿಯುತ್ತವೆ. ಹಾಗಾಗಿ ಆ ಹುಡುಗನ ಹೆಸರಿನ ಮುಂದೆ “ಕೇಳುಗನ ಪ್ರಶ್ನೆಗಳ ನೆರವಿನಿಂದ ಘಟನೆಯ ಮುಖ್ಯಾಂಶಗಳನ್ನು ತಿಳಿಸಬಲ್ಲ” ಎಂದು ಬರೆ. ಅದು ಸತ್ಯ, ಅವನಿಗೆ ಮುಂದೆ ಏನನ್ನು ಕಲಿಸಬೇಕೆಂಬುದನ್ನೂ ಅದೇ ಹೇಳುತ್ತದೆ.

ಇಷ್ಟು ಹೇಳಿದ ಮೇಲೂ ನಿನ್ನ ಭಯ ತಪ್ಪೆಂದು ನಾನು ಹೇಳುವುದಿಲ್ಲ. ಬರೆದಿಟ್ಟ ಫಲವು ಎಣಿಸುವ ಕೈಗಳಿಗೆ ಸಿಕ್ಕಿದಾಗ, ಎಣಿಸಲು ಸುಲಭವಾದದ್ದು ಉಳಿದು ಕಷ್ಟವಾದದ್ದು ಬಿದ್ದುಹೋಗುತ್ತದೆ. ಬಿಟ್ಟ ಸ್ಥಳ ತುಂಬುವುದು ಉಳಿಯುತ್ತದೆ, ಗಮನವಿಟ್ಟು ಕೇಳುವುದು ಬಿದ್ದುಹೋಗುತ್ತದೆ. ಮಾತನಾಡದೆಯೇ ಎಲ್ಲವನ್ನೂ ಗ್ರಹಿಸುತ್ತಿದ್ದ ಮಕ್ಕಳು ನನ್ನ ಮುಂದೆ ವರ್ಷಗಟ್ಟಲೆ ಕುಳಿತಿದ್ದರು. ಅವರ ಗ್ರಹಿಕೆಯನ್ನು ಗುರುತಿಸುವ ಒಂದು ಸಾಲೂ ನಮ್ಮ ಪುಸ್ತಕಗಳಲ್ಲಿ ಇರಲಿಲ್ಲ. ಅವರಲ್ಲಿ ಕೆಲವರಾದರೂ ತಮಗೆ ಭಾಷೆ ಒಲಿಯುವುದಿಲ್ಲವೆಂದು ನಂಬಿಕೊಂಡೇ ಹೊರಗೆ ಹೋಗಿರಬೇಕು, ಮತ್ತು ಈಗ ಅವರಿಗೆ ಹಾಗಲ್ಲವೆಂದು ಹೇಳಲು ನನಗೆ ದಾರಿಯಿಲ್ಲ.

ನಿನಗೆ ಹೇಳುವಷ್ಟು ಅಧಿಕಾರ ನನಗಿದೆಯೋ ಇಲ್ಲವೋ, ಆದರೂ ಹೇಳುತ್ತೇನೆ. ಒಂದು ಘಟಕಕ್ಕೆ ಎರಡೋ ಮೂರೋ ಫಲಗಳು ಸಾಕು, ಅವುಗಳಲ್ಲಿ ಒಂದಾದರೂ ಕೇಳಿ ತಿಳಿಯುವುದಕ್ಕೆ ಸಂಬಂಧಿಸಿರಲಿ. ಕೊನೆಯಲ್ಲಿ ಮಾಡಬೇಕೆಂದಿರುವ ಕೆಲಸವನ್ನೇ ಚಿಕ್ಕದಾಗಿ, ಅಂಕವಿಲ್ಲದೆ, ಘಟಕದ ನಡುವೆ ಒಮ್ಮೆ ಮಾಡಿಸಿ ನೋಡು. ಆಗ ಕಾಣುವ ಅಂತರವನ್ನು ತುಂಬಲು ನಿನ್ನ ಬಳಿ ಇನ್ನೂ ದಿನಗಳಿರುತ್ತವೆ. ಬಹಳ ಮಕ್ಕಳು ಹಿಂದೆ ಉಳಿದರೆ ಅವರನ್ನು ಪ್ರಶ್ನಿಸುವ ಮೊದಲು ನೀನು ಬರೆದ ಫಲವನ್ನೇ ಪ್ರಶ್ನಿಸು, ಅದು ಆ ಕಾಲಾವಧಿಗೆ ಎತ್ತರವಾಗಿದ್ದಿರಬಹುದು. ಪದ್ಯದ ಪಾಠಕ್ಕೆ ಈ ಕ್ರಮ ಎಷ್ಟು ಹೊಂದುತ್ತದೆ ಎಂಬುದರಲ್ಲಿ ನನಗೆ ಸಂದೇಹವಿದೆ. ಕೆಲವು ಪದ್ಯಗಳನ್ನು ಸುಮ್ಮನೆ ಓದಿ ಕೇಳಿಸು, ಅದಕ್ಕೆ ಫಲದ ಅಂಕಣ ತುಂಬದಿದ್ದರೂ ನಷ್ಟವಿಲ್ಲ.

ಮುಂದಿನ ಘಟಕದ ಯೋಜನೆಯನ್ನು ಬರೆಯುವಾಗ ಫಲ ಮತ್ತು ಪುರಾವೆಯ ಎರಡು ಅಂಕಣಗಳನ್ನು ಮಾತ್ರ ತುಂಬಿ ನನಗೆ ಕಳುಹಿಸು, ಚಟುವಟಿಕೆಗಳು ಆಮೇಲೆ ಬರಲಿ. ಪುರಾವೆಯ ಅಂಕಣದಲ್ಲಿ ಆ ತಡವರಿಸುವ ಹುಡುಗನಿಗೆ ಏನು ಬರೆದಿದ್ದೀಯೆ ಎಂಬುದನ್ನು ನಾನು ಮೊದಲು ಓದುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ