ಸ್ಟಾಕ್‌ಹೋಮ್‌ಗೆ ಒಂದು ಸಾಲು ಸಾಲದು

ಪ್ರೀತಿಯ ತಂಗಿ,

ರೊಸಿನಾ ಹೈಕೆಲ್ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲ ಸಾಲಿನಲ್ಲೇ 'ಫಿನ್‌ಲ್ಯಾಂಡಿನ ಮೊದಲ ವೈದ್ಯೆ' ಅಂತ ಬಂದುಬಿಟ್ಟಿದೆ. ಮಾತು ನಿಜ. ಆದರೆ ಆ ಸಾಲು ಓದಿದ ಮೇಲೆ ಉಳಿದದ್ದೆಲ್ಲ ನನಗೆ ಮೊದಲೇ ಗೊತ್ತಿದ್ದ ಹಾಗೆ ಅನ್ನಿಸಿತು.

1842ರಲ್ಲಿ ಕಾಸ್ಕಿನೆನ್ ಅನ್ನುವ ಪುಟ್ಟ ಬಂದರು ಊರಿನಲ್ಲಿ ಹುಟ್ಟು. 1878ರಲ್ಲಿ ವೈದ್ಯಕೀಯ ಲೈಸೆನ್ಸ್. ನಡುವಿನ 36 ವರ್ಷಕ್ಕೆ ನೀನು ಕೊಟ್ಟಿರುವುದು ಒಂದೇ ಪ್ಯಾರಾ. ಅದರಲ್ಲಿ 'ಜಿಮ್ನಾಸ್ಟಿಕ್ಸ್ ಕಲಿಯಲು ಸ್ಟಾಕ್‌ಹೋಮ್‌ಗೆ ಹೋದರು' ಅಂತ ಒಂದು ಸಾಲು. ನನಗೆ ಕಥೆ ಕಂಡದ್ದು ಅಲ್ಲೇ.

ಜಿಮ್ನಾಸ್ಟ್ ಅಂದರೆ ಈಗ ನಮ್ಮ ಕಣ್ಣಿಗೆ ಬರುವುದು ಒಲಿಂಪಿಕ್ಸ್, ಕಂಬಿ ಹಿಡಿದು ಗಿರಗಿರ ತಿರುಗುವ ಹುಡುಗಿ. 1860ರ ದಶಕದ ಸ್ಟಾಕ್‌ಹೋಮ್‌ನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇತ್ತು. ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಶುರು ಮಾಡಿದ ಸಂಸ್ಥೆಯಲ್ಲಿ ಕಸರತ್ತಿನ ಜೊತೆ ಚಿಕಿತ್ಸೆಯನ್ನೂ ಕಲಿಸುತ್ತಿದ್ದರು. ಬಿಗಿದುಕೊಂಡ ಕೀಲನ್ನು ಹಿಡಿದು ಆಡಿಸುವುದು, ಸ್ನಾಯು ತಿಕ್ಕುವುದು, ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿಸುವುದು. ಇವತ್ತಿನ ಫಿಸಿಯೋಥೆರಪಿಯ ಒಂದು ಬೇರು ಅಲ್ಲಿದೆ. ಸ್ವೀಡನ್ನಿನಲ್ಲಿ ಫಿಸಿಯೋಗಳ ಅಧಿಕೃತ ಹೆಸರೇ 2014ರ ತನಕ 'ರೋಗಿಗಳ ಜಿಮ್ನಾಸ್ಟ್' ಅನ್ನೋ ಅರ್ಥದ್ದಾಗಿತ್ತು! ಆ ಸಂಸ್ಥೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1864ರಲ್ಲಿ. ಅದಾದ ಸ್ವಲ್ಪದರಲ್ಲೇ ರೊಸಿನಾ ಸಮುದ್ರ ದಾಟಿ ಅಲ್ಲಿಗೆ ಹೋದರು.

ಹೋದ ವರ್ಷ ನನ್ನ ಬಲ ಭುಜ ಹಿಡಿದುಕೊಂಡಿತ್ತು. ಫಿಸಿಯೋ ಮಾಡುವ ಹುಡುಗಿ ನಾನು ಬಾಯಿ ಬಿಡುವ ಮೊದಲೇ ನೋವಿನ ಜಾಗಕ್ಕೆ ಸರಿಯಾಗಿ ಹೆಬ್ಬೆರಳು ಇಟ್ಟಳು. ಅವತ್ತು ನನಗೆ ಹೊಳೆದದ್ದು, ಕೈಗೂ ಒಂದು ಓದು ಇರುತ್ತದೆ ಅಂತ. ರೊಸಿನಾ ಮೊದಲು ಕಲಿತದ್ದು ಆ ಓದನ್ನು. ನೀನೂ ಒಂದು ದಿನ ಯಾರಾದರೂ ಫಿಸಿಯೋ ಹತ್ತಿರ ಕೇಳಿಕೊಂಡು ಅರ್ಧ ಗಂಟೆ ಸುಮ್ನೆ ಕೂತು ನೋಡು. ಸ್ಟಾಕ್‌ಹೋಮ್‌ನ ಆ ಕೋಣೆಯನ್ನು ಬರೆಯುವುದಕ್ಕೆ ಬೇಕಾದ ಧೈರ್ಯ ಅಲ್ಲಿ ಸಿಗುತ್ತದೆ.

ಊರಿಗೆ ಮರಳಿದ ಮೇಲೆ ಅವರು ಹೆಲ್ಸಿಂಕಿಯಲ್ಲಿ ಸೂಲಗಿತ್ತಿ ಕೆಲಸ ಕಲಿತರು. ಅದೇ ಹೊತ್ತಿನಲ್ಲಿ, 1866ರಿಂದ 68ರವರೆಗೆ, ಫಿನ್‌ಲ್ಯಾಂಡಿನಲ್ಲಿ ಭೀಕರ ಬರ. ಲಕ್ಷಕ್ಕೂ ಜಾಸ್ತಿ ಜನ ಹಸಿವಿನಿಂದ, ಜ್ವರದಿಂದ ಸತ್ತರು. ನಿನ್ನ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಅಂಥ ಕಾಲದಲ್ಲಿ ಹೆರಿಗೆ ಮಾಡಿಸಲು ಕಲಿಯುವುದು ಅಂದರೆ ಏನು ಅಂತ ಸ್ವಲ್ಪ ಹೊತ್ತು ಯೋಚನೆ ಮಾಡು. ಯೋಚಿಸಿದ್ದನ್ನೆಲ್ಲ ಅವರ ಬಾಯಲ್ಲಿ ಹಾಕಬೇಡ. ಬರ ಇತ್ತು, ಅವರು ಕಲಿಯುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಡು, ಸಾಕು.

ಹೆಲ್ಸಿಂಕಿಯ ಯೂನಿವರ್ಸಿಟಿಯಲ್ಲಿ ವೈದ್ಯಕೀಯ ಓದಲು 1871ರಲ್ಲಿ ವಿಶೇಷ ಅನುಮತಿ ಸಿಕ್ಕಿತು. ಇದನ್ನು ನೀನು ಬರೆದಿದ್ದೀಯ. ಆದರೆ ಅಲ್ಲಿ ಓದಬೇಕೆಂದಿದ್ದ ಹೆಣ್ಣುಮಕ್ಕಳು 1901ರ ತನಕವೂ ಎಂಥ ಅರ್ಜಿ ಹಾಕಬೇಕಿತ್ತು ಗೊತ್ತಾ? ತನ್ನ ಹೆಣ್ಣುತನದಿಂದಲೇ ತನಗೆ ವಿನಾಯಿತಿ ಕೊಡಿ ಅಂತ. ಅದನ್ನು ಹಾಗೇ ಬರೆದುಬಿಡು. 'ಅನ್ಯಾಯ', 'ಶೋಷಣೆ' ಅಂತ ನೀನು ಸೇರಿಸಿರುವ ಮಾತುಗಳೆಲ್ಲ ತಾವಾಗಿಯೇ ಉದುರಿಹೋಗುತ್ತವೆ.

ವಾಸಾ ಅನ್ನುವ ಊರಿನಲ್ಲಿ ಮಾಡಿದ ಪ್ರಾಕ್ಟೀಸ್ ಬಗ್ಗೆ ನೀನು ಬರೆದಿರುವಷ್ಟೇ ಸಾಕು. 1883ರಿಂದ 1901ರವರೆಗೆ ಹೆಲ್ಸಿಂಕಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ವೈದ್ಯೆಯಾಗಿದ್ದರಲ್ಲ, ಆ ಭಾಗ ಬೆಳೆಸಬಹುದು. ದೇಶದಲ್ಲಿ ಎರಡನೆಯ ವೈದ್ಯೆ, ಕರೊಲಿನಾ ಎಸ್ಕೆಲಿನ್, ಬಂದದ್ದು 1890ರ ದಶಕದಲ್ಲಿ. ಅಲ್ಲಿಯವರೆಗೆ ಇವರು ಒಬ್ಬರೇ. ಇಷ್ಟನ್ನೆಲ್ಲ ಬರೆದ ಮೇಲೆ 'ಮೊದಲ ವೈದ್ಯೆ' ಅಂತ ಬರಲಿ. ಓದುವವರಿಗೆ ಆಗ ಅದರ ತೂಕ ತಿಳಿಯುತ್ತದೆ, ಅಲ್ವಾ?

ಸ್ಟಾಕ್‌ಹೋಮ್‌ನ ಪುಟವನ್ನು ಮೊದಲು ಬರಿ. ಅರ್ಧ ಆಗಿದ್ದರೂ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಕ್ಕ